ಓಝೋನ್ ಮಷೀನ್ ಹಾಕುವ ಮುಂಚೆ ಒಂದು ಲೆಕ್ಕ

ಹೌಸ್‌ಕೀಪಿಂಗ್ ಓದುತ್ತಿರುವ ನಮಗೆ ಈ ಪಾಠ ಬಾಯಿಪಾಠ ಮಾಡಿದರೆ ಸಾಲದು. ಯಾರೋ ಸಿಗರೇಟು ಸೇದಿ ಖಾಲಿ ಮಾಡಿದ ರೂಮು, ಮಳೆಗಾಲದ ಮುಗ್ಗಲು ವಾಸನೆ. ಇಂಥ ವಾಸನೆ ತೆಗೆಯಲು ಕೊನೆಗೆ ಈ ಓಝೋನ್ ಮಷೀನ್ ನಮ್ಮ ಕೈಗೇ ಬರುತ್ತದೆ.

ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು. ಮಷೀನಿನೊಳಗಿನ ಹೈ ವೋಲ್ಟೇಜ್ ಅದನ್ನು ಒಡೆದು ಮೂರು ಮೂರಾಗಿ ಸೇರಿಸುತ್ತದೆ, ಅದೇ ಓಝೋನ್. ಆ ಮೂರನೆಯದು ಸುಮ್ನೆ ಕೂರುವುದಿಲ್ಲ. ಸಿಕ್ಕಿದ್ದಕ್ಕೆ ಅಂಟಿಕೊಂಡು ಅದನ್ನು ಸುಡುತ್ತದೆ. ವಾಸನೆಯ ಕಣವಾದರೂ ಸರಿ, ನಮ್ಮ ಶ್ವಾಸಕೋಶವಾದರೂ ಸರಿ.

ಈಗ ಲೆಕ್ಕ. ರೂಮು 10 ಅಡಿ, 12 ಅಡಿ, ಎತ್ತರ 10 ಅಡಿ ಅಂತಿಟ್ಟುಕೊಳ್ಳಿ. ಅಂದರೆ ಸುಮಾರು 34 ಘನ ಮೀಟರ್. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗೆ ಬಳಸುವ ಏರ್ ಕ್ಲೀನರಿಗೆ ಇರುವ ಓಝೋನ್ ಮಿತಿ 0.05 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 0.05 ಭಾಗ), ಅಂದರೆ ಒಂದು ಘನ ಮೀಟರಿಗೆ ಹತ್ತಿರಹತ್ತಿರ 100 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ 2009ರಲ್ಲಿ ಹೊರಗಿನ ಗಾಳಿಗೆ ಇಟ್ಟ 8 ಗಂಟೆಯ ಮಿತಿಯೂ ಅಷ್ಟೇ. ಹಾಗಾದರೆ ಇಡೀ ರೂಮಿಗೆ 3.4 ಮಿಲಿಗ್ರಾಂ. ಮಷೀನಿನ ಮೇಲೆ ಏನು ಬರೆದಿದೆ? ಗಂಟೆಗೆ 10 ಗ್ರಾಂ ಓಝೋನ್. ಭಾಗಿಸಿ ನೋಡಿ: ಸೆಕೆಂಡಿಗೆ 2.8 ಮಿಲಿಗ್ರಾಂ. ಒಂದೂಕಾಲು ಸೆಕೆಂಡಿಗೇ ಮಿತಿ ದಾಟಿತು! ಗಂಟೆಗೆ 400 ಮಿಲಿಗ್ರಾಂನ ಚಿಕ್ಕದಾದರೂ ಅರ್ಧ ನಿಮಿಷ ಸಾಕು. ಗೋಡೆ, ಪರದೆಗೆ ತಾಗಿ ಸ್ವಲ್ಪ ಕರಗುತ್ತದೆ, ನಿಜ. ಆದರೂ ಸಾವಿರಗಟ್ಟಲೆ ಮಿಲಿಗ್ರಾಂ ಮುಂದೆ ಅದು ಯಾವ ಲೆಕ್ಕ?

ಕಡಿಮೆ ಇಟ್ಟು ಜನ ಇರುವಾಗಲೇ ಓಡಿಸಿದರಾಗದೇ ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗದು. ಮಿತಿಯೊಳಗಿನ ಓಝೋನಿಗೆ ವಾಸನೆ, ರೋಗಾಣು ತೆಗೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳಿದೆ. ಕೆಲಸ ಮಾಡುವಷ್ಟು ಬಿಟ್ಟರೆ ಮನುಷ್ಯ ಒಳಗಿರುವಂತಿಲ್ಲ. ಧೂಳಂತೂ ಹೋಗುವುದೇ ಇಲ್ಲ, ಅದಕ್ಕೆ ಫಿಲ್ಟರೇ ಬೇಕು.

ಆದ್ದರಿಂದ ಖಾಲಿ ರೂಮಿನಲ್ಲಿ ಮಾತ್ರ. ಅಕ್ವೇರಿಯಂ, ಗಿಡದ ಕುಂಡ, ರಬ್ಬರ್ ಸಾಮಾನು ಹೊರಗೆ. ಓಝೋನ್ ತಾಗಿದ ರಬ್ಬರ್ ಬಿರುಕು ಬಿಡುತ್ತದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಒತ್ತಿ, ಇಲ್ಲದಿದ್ದರೆ ಪಕ್ಕದ ರೂಮಿನವರು ಕೆಮ್ಮುತ್ತಾರೆ. ಎಸಿ ಡಕ್ಟ್ ಬೇರೆ ರೂಮಿಗೂ ಹೋಗುತ್ತದಾ ನೋಡಿ. ಟೈಮರ್ ಇಟ್ಟು ಹೊರಬನ್ನಿ, ಬಾಗಿಲಿಗೆ ಬೋರ್ಡ್ ಹಾಕಿ. ಮಷೀನ್ ನಿಂತ ತಕ್ಷಣ ನುಗ್ಗಬೇಡಿ. ಓಝೋನ್ ತಾನಾಗಿಯೇ ಒಡೆದು ಆಮ್ಲಜನಕವಾಗುತ್ತದೆ, ಅದಕ್ಕೆ ಒಂದೆರಡು ಗಂಟೆ ಕೊಡಿ. ಆಮೇಲೆ ಕಿಟಕಿ ತೆರೆದು ಮತ್ತೆ ಹೊರಬನ್ನಿ. ಎನ್95 ಮಾಸ್ಕ್ ನಂಬಬೇಡಿ, ಅದು ಧೂಳಿಗೆ, ಅನಿಲಕ್ಕಲ್ಲ. ಹಳೇ ಜೆರಾಕ್ಸ್ ಮಷೀನ್ ಪಕ್ಕ ಬರುವ ಆ ಚುರುಕು ವಾಸನೆ ಇನ್ನೂ ಇದ್ದರೆ ರೂಮು ರೆಡಿಯಾಗಿಲ್ಲ. ಮೂಗಿಗೆ ಆ ವಾಸನೆ ಬೇಗ ಒಗ್ಗಿಬಿಡುತ್ತದೆ, ಅದಕ್ಕೇ ಹೊಸದಾಗಿ ಬಂದವರ ಮೂಗನ್ನು ಕೇಳುವುದು ಜಾಸ್ತಿ ವಾಸಿ.

ನಾವೆಲ್ಲ ಎಡವುವುದು ಫಿನಾಯಿಲಿನಲ್ಲಿ. ನೆಲ ಒರೆಸಿ, ಘಮಘಮ ಅನ್ನುವಾಗಲೇ ಮಷೀನ್ ಹಾಕುವುದು ಅಚ್ಚುಕಟ್ಟು ಅನ್ನಿಸುತ್ತದೆ, ಅಲ್ವಾ? ಬಿಳಿ ಫಿನಾಯಿಲಿನ ಪೈನ್ ಎಣ್ಣೆ, ನಿಂಬೆ ಪರಿಮಳದ ಕ್ಲೀನರ್ ಎರಡೂ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಅನ್ನುವ ವಿಷಾನಿಲ ಹುಟ್ಟಿಸುತ್ತವೆ. ಲ್ಯಾಬಿನಲ್ಲಿ ಕಪ್ಪೆ ಇಟ್ಟಿದ್ದ ಬಾಟಲಿ ನೆನಪಿದೆಯಲ್ಲ, ಆ ಫಾರ್ಮಲಿನ್ ಇದರದ್ದೇ ನೀರು. ಹಾಗಾಗಿ ಓಝೋನ್ ಮೊದಲು, ಗಾಳಿಯಾಡಿದ ಮೇಲೆ ಫಿನಾಯಿಲ್.