ಕದಲದ ಅಂಕಿ: 0.771

ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಅಂಥವರು ಎಳವೆಯಲ್ಲೇ ಅಗಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದರೆ? ಆಗಲೂ ಬುದ್ಧಿ ಹೋಲಿದರೆ ಅದು ಹುಟ್ಟಿನಿಂದಲೇ ಬಂದದ್ದು ಎನ್ನಬಹುದು. ಅವಳಿಗಳನ್ನು ಒರೆಗಲ್ಲಾಗಿಸುವ ಯೋಚನೆ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅವರದು, 1875ರದು. ಬುದ್ಧಿಯನ್ನು ಅಳೆಯುವ ಕೋಲು ಬಂದದ್ದು 1905ರಲ್ಲಿ, ಪ್ಯಾರಿಸ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಅವರಿಂದ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲೆಂದು ಅವರು ಮಾಡಿದ ಪರೀಕ್ಷೆಯೇ ಅಮೆರಿಕದಲ್ಲಿ ಜನರಿಗೆ 'ಮಂದಬುದ್ಧಿ'ಯ ಹಣೆಪಟ್ಟಿ ಹಚ್ಚುವ ಸಾಧನವಾಯಿತು. ಅಂಥವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುವುದನ್ನು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು.

ಅಗಲಿದ ಅವಳಿಗಳು ಸಿಗುವುದು ಅಪರೂಪ. ಆದರೆ ಬ್ರಿಟನ್ನಿನ ಮನೋವಿಜ್ಞಾನಿ ಸರ್ ಸಿರಿಲ್ ಬರ್ಟ್ ಅವರಿಗೆ ಸಿಗುತ್ತಲೇ ಹೋದರು! 1955ರಲ್ಲಿ 21 ಜೋಡಿ, 1958ರಲ್ಲಿ ಮೂವತ್ತಕ್ಕೂ ಹೆಚ್ಚು, 1966ರಲ್ಲಿ 53. ಮೂರು ಸಲವೂ ಜೋಡಿಗಳ ಬುದ್ಧ್ಯಂಕಗಳ (ಐಕ್ಯೂ) ನಡುವಿನ ಸಹಸಂಬಂಧ 0.771. ಇದು 1 ಆದರೆ ಪೂರ್ತಿ ಹೊಂದಿಕೆ, 0 ಆದರೆ ನಂಟೇ ಇಲ್ಲ. ಜೋಡಿಗಳು ಸೇರುತ್ತಾ ಹೋದಂತೆ ಮೂರನೆಯ ದಶಮಾಂಶವಾದರೂ ಅಲುಗಾಡಬೇಕಲ್ಲವೇ? ಬರ್ಟ್ 1971ರಲ್ಲಿ ತೀರಿಕೊಂಡರು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಕಾಮಿನ್ ಈ ಅಸಂಗತಿಯನ್ನು ಎತ್ತಿ ತೋರಿಸಿದರು. 1976ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಬರ್ಟ್ ಅವರ ಸಹಾಯಕಿಯರು ನಿಜಕ್ಕೂ ಇದ್ದರೇ ಎಂದೇ ಕೇಳಿತು. ಮೋಸವೋ ಬರೀ ಅಜಾಗರೂಕತೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆ ಅಂಕಿಗಳನ್ನಂತೂ ಯಾರೂ ನೆಚ್ಚುವುದಿಲ್ಲ.

ವಿಚಿತ್ರವೆಂದರೆ, ಉತ್ತರ ತೀರಾ ತಪ್ಪಾಗಿರಲಿಲ್ಲ. 1979ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಮನೋವಿಜ್ಞಾನಿ ಥಾಮಸ್ ಬೌಚಾರ್ಡ್ ಹೊಸದಾಗಿ ಅಗಲಿ ಬೆಳೆದ ಅವಳಿಗಳನ್ನು ಹುಡುಕತೊಡಗಿದರು. ಬುದ್ಧ್ಯಂಕದ ವ್ಯತ್ಯಾಸಗಳಲ್ಲಿ ಸುಮಾರು ಶೇ 70ರಷ್ಟು ಅನುವಂಶೀಯ ಎಂದು 1990ರಲ್ಲಿ ಅವರ ತಂಡ ವರದಿ ಮಾಡಿತು. ಒಬ್ಬನ ಬುದ್ಧಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯದು ಎಂದು ಇದನ್ನು ಓದುವವರೇ ಹೆಚ್ಚು. ಅದು ತಪ್ಪು, ಅಂಕಿ ಹೇಳುವುದು ಆ ಗುಂಪಿನ ಜನರ ನಡುವಿನ ಅಂತರದ ಬಗ್ಗೆ ಮಾತ್ರ. ಗುಂಪು ಬದಲಾದರೆ ಅಂಕಿಯೂ ಬದಲು. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ತಂಡ ಅಮೆರಿಕದ ಏಳು ವರ್ಷದ ಅವಳಿಗಳನ್ನು ನೋಡಿದಾಗ, ಉಳ್ಳವರ ಮನೆಗಳಲ್ಲಿ ವಂಶವಾಹಿಯ ಪಾಲು ದೊಡ್ಡದಿತ್ತು. ಕಡುಬಡವರಲ್ಲಿ ಸೊನ್ನೆಯ ಹತ್ತಿರ.

ಈಗ ಅವಳಿಗಳ ಬದಲು ನೇರ ಡಿಎನ್‌ಎಯನ್ನೇ ಶೋಧಿಸುತ್ತಾರೆ. 2018ರಲ್ಲಿ 11 ಲಕ್ಷ ಜನರನ್ನು ಜಾಲಾಡಿ, ಎಷ್ಟು ವರ್ಷ ಓದುತ್ತಾರೆಂಬುದರ ಜೊತೆ ನಂಟಿರುವ 1,271 ಡಿಎನ್‌ಎ ವ್ಯತ್ಯಾಸಗಳನ್ನು ಗುರುತಿಸಿದರು. ಡಿಎನ್‌ಎಯಲ್ಲಿನ ಇಂಥ ಸಣ್ಣ ವ್ಯತ್ಯಾಸಗಳನ್ನು ಒಟ್ಟುಗೂಡಿಸಿ ಕಟ್ಟಿದ ಅಂಕ, ಜನರ ನಡುವಿನ ಓದಿನ ವ್ಯತ್ಯಾಸದಲ್ಲಿ ಶೇ 11ರಿಂದ 13ರಷ್ಟನ್ನು ವಿವರಿಸಿತು. ಪರೀಕ್ಷೆಗೊಳಗಾದವರು ಐರೋಪ್ಯ ಮೂಲದವರು. ಅದೇ ಲೆಕ್ಕವನ್ನು ಆಫ್ರಿಕನ್ ಅಮೆರಿಕನ್ನರಿಗೆ ಅನ್ವಯಿಸಿದಾಗ ಅಂಕಿ ಶೇ 2ಕ್ಕೂ ಕೆಳಗಿಳಿಯಿತು.