ಗುಡಿಸದ ಮೂಲೆಗೆ ಬಂದ ನವರಂಗ

ಮೈಸೂರಿನ ನಮ್ಮ ಮನೆಯ ಹಿಂದೆ ಸಣ್ಣದೊಂದು ಹಿತ್ತಿಲಿದೆ. ಒಂದು ನುಗ್ಗೆ, ಒಂದು ಸೀಬೆ, ಕಾಂಪೌಂಡಿನ ಪಕ್ಕ ಗಸಗಸೆ ಹಣ್ಣಿನ ಮರ, ನಾಲ್ಕು ದಾಸವಾಳ. ಅಷ್ಟೇ. ಬಿದ್ದ ತರಗೆಲೆಯನ್ನೆಲ್ಲ ಅಮ್ಮ ಸೀಬೆ ಮರದ ಬುಡಕ್ಕೆ ಗುಡ್ಡೆ ಹಾಕುತ್ತಾರೆ. ಒಂದು ಅಕ್ಟೋಬರ್ ಬೆಳಿಗ್ಗೆ ಆ ಗುಡ್ಡೆಯೊಳಗಿಂದ ಸರಸರ ಸದ್ದು ಬಂತು. ಓತಿಕ್ಯಾತ ಇರಬೇಕು ಅಂದುಕೊಂಡು ಬಗ್ಗಿ ನೋಡಿದೆ. ನವರಂಗ!

ಮೈನಾಕ್ಕಿಂತ ಸ್ವಲ್ಪ ಚಿಕ್ಕ ಹಕ್ಕಿ. ಬಾಲ ಮೋಟು. ಬೆನ್ನು ಹಸಿರು, ಹೊಟ್ಟೆ ಕೆನೆಬಣ್ಣ, ಕಣ್ಣಿನ ಮೇಲೆ ಅಗಲವಾದ ಕಪ್ಪು ಪಟ್ಟಿ, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಬಾಲದ ಬುಡಕ್ಕೆ ಕುಂಕುಮದ ಕೆಂಪು. ಎರಡು ಹೆಜ್ಜೆ ಕುಪ್ಪಳಿಸುತ್ತದೆ, ಕೊಕ್ಕಿನಿಂದ ಎಲೆ ಮಗುಚುತ್ತದೆ, ಒಂದು ಹುಳ ಎತ್ತಿಕೊಂಡು ಸುಮ್ಮನೆ ನಿಲ್ಲುತ್ತದೆ. ನಾನು ಬಾಗಿಲಲ್ಲೇ ಕೂತುಬಿಟ್ಟೆ. ಆಫೀಸಿಗೆ ತಡವಾಯಿತು.

ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ನವರಂಗಗಳು ಮಳೆಗಾಲದಲ್ಲಿ ಮರಿ ಮಾಡುತ್ತವೆ. ಚಳಿ ಶುರುವಾಗುವ ಮುಂಚೆ ದಕ್ಷಿಣ ಭಾರತಕ್ಕೆ, ಶ್ರೀಲಂಕಾಕ್ಕೆ ಇಳಿಯುತ್ತವೆ. ಈ ಪಯಣವೆಲ್ಲ ರಾತ್ರಿ ಹೊತ್ತು. ಊರಿನ ದೀಪಗಳಿಗೆ ದಿಕ್ಕು ತಪ್ಪಿ, ಗೋಡೆಗೋ ಗಾಜಿಗೋ ಬಡಿದು ಬಿದ್ದ ನವರಂಗಗಳು ಆಗಾಗ ಸಿಗುತ್ತವೆ. ಅಂಥದ್ದು ಕಂಡರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡರೆ ತಾನೇ ಹಾರಿ ಹೋಗುತ್ತದೆ.

ನಮ್ಮ ಹಿತ್ತಿಲಿಗೆ ಬಂದದ್ದು ಗಟ್ಟಿಯಾಗಿಯೇ ಇತ್ತು. ನಾಲ್ಕು ದಿನ ಉಳಿಯಿತು. ನಸುಕಿನಲ್ಲೊಮ್ಮೆ, ಮುಸ್ಸಂಜೆಗೊಮ್ಮೆ ಎರಡು ಸ್ವರದ ಸಿಳ್ಳೆ ಹಾಕುತ್ತಿತ್ತು. ತಮಿಳಿನಲ್ಲಿ ಇದಕ್ಕೆ ಆರು ಗಂಟೆಯ ಹಕ್ಕಿ ಎಂದೇ ಹೆಸರು. ಆ ನಾಲ್ಕೂ ದಿನ ಅದು ಗುಡಿಸಿ ಚೊಕ್ಕಟ ಮಾಡಿದ ಅಂಗಳಕ್ಕೆ ಕಾಲಿಡಲಿಲ್ಲ. ಅದಕ್ಕೆ ಬೇಕಿದ್ದದ್ದು ಕೊಳೆಯುತ್ತಿರುವ ಎಲೆ, ಅದರಡಿಯ ಎರೆಹುಳ, ಗೆದ್ದಲು, ಜೀರುಂಡೆ. ಆ ಎಲೆಗೆ ಬೆಂಕಿ ಹಾಕಿದ್ದರೆ ಅದು ನಮ್ಮಲ್ಲಿ ನಿಲ್ಲುತ್ತಲೇ ಇರಲಿಲ್ಲ, ಅಲ್ವಾ?

ಅಲ್ಲಿಂದಾಚೆಗೆ ದಿನಾ ಬರುವ ಹಕ್ಕಿಗಳು ಯಾವುದಕ್ಕಾಗಿ ಬರುತ್ತವೆ ಅಂತ ಗಮನಿಸತೊಡಗಿದೆ. ನನಗೆ ಜಾಸ್ತಿ ಕಲಿಸಿದ್ದು ಸೂರಕ್ಕಿ.

ದಾಸವಾಳಕ್ಕೆ ಅದು ಬರುವುದು ಮಕರಂದಕ್ಕೆ. ಹೂವಿನ ಬಾಯಿಯಿಂದ ಕೊಕ್ಕು ಹಾಕುವ ಬದಲು ಎಷ್ಟೋ ಸಲ ಹೂವಿನ ಬುಡಕ್ಕೇ ಸಣ್ಣ ತೂತು ಹೊಡೆಯುತ್ತದೆ. ಮಕರಂದ ಸಿಗುತ್ತದೆ, ಮೈಗೆ ಪರಾಗ ಮಾತ್ರ ಅಂಟುವುದಿಲ್ಲ. ಪಾಪ, ಹೂವಿಗೆ ಏನೂ ಲಾಭವಿಲ್ಲ. ಆದರೆ ಮಕರಂದ ಬರೀ ಸಕ್ಕರೆ ನೀರು. ಮರಿ ಬೆಳೆಯಲು ಪ್ರೋಟೀನ್ ಬೇಕು. ಹಾಗಾಗಿ ಮರಿಗಳಿಗೆ ಪುಟ್ಟ ಹುಳ, ಜೇಡಗಳನ್ನು ತಿನ್ನಿಸುತ್ತದೆ. ಗೂಡಿಗೂ ಜೇಡವೇ ಬೇಕು!

ಮೊನ್ನೆ ಫೆಬ್ರವರಿಯಲ್ಲಿ ಬಟ್ಟೆ ಒಣಹಾಕುವ ತಂತಿಯ ತುದಿಗೆ ಒಂದು ಹೆಣ್ಣು ಗೂಡು ಕಟ್ಟಿತು. ಕಿಟಕಿಯ ಮೂಲೆಯಲ್ಲಿದ್ದ ಜೇಡರ ಬಲೆಯ ಮುಂದೆ ರೆಕ್ಕೆ ಬಡಿಯುತ್ತ ನಿಂತು, ಎಳೆ ಎಳೆಯಾಗಿ ಕೊಕ್ಕಿಗೆ ಸುತ್ತಿಕೊಂಡು ಒಯ್ಯುತ್ತಿತ್ತು. ಜೇಡರ ಎಳೆ ಅಂಟುತ್ತದೆ, ಹಿಗ್ಗುತ್ತದೆ, ಸುಲಭವಾಗಿ ಹರಿಯುವುದಿಲ್ಲ. ಆ ಎಳೆಯಲ್ಲಿ ತೊಗಟೆ ಚೂರು, ಒಣಗಿದ ಎಲೆ, ಕಂಬಳಿಹುಳದ ಹಿಕ್ಕೆ ಎಲ್ಲವನ್ನೂ ಹೆಣೆದು ನೇತಾಡುವ ಚೀಲ ಮಾಡಿತು. ಪಕ್ಕದಲ್ಲೊಂದು ಬಾಗಿಲು, ಬಾಗಿಲ ಮೇಲೆ ಮಳೆ ನೀರು ಇಳಿಯದ ಹಾಗೆ ಪುಟ್ಟ ಸೂರು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಶತ್ರುಗಳ ಕಣ್ಣಿಗೂ ಹಾಗೇ ಕಾಣಬೇಕು. ಇಷ್ಟೂ ಕೆಲಸ ಹೆಣ್ಣಿನದೇ. ಮೊಟ್ಟೆಗೆ ಕಾವು ಕೊಡುವುದೂ ಅದೇ. ಮರಿ ಹೊರಬಂದ ಮೇಲೆ ಗಂಡೂ ಆಹಾರ ತರುತ್ತದೆ. ಆ ತಿಂಗಳು ನಾವು ಬಟ್ಟೆಯನ್ನು ಟೆರೇಸಿನ ಮೇಲೆ ಒಣಹಾಕಿದೆವು, ಕಿಟಕಿಯ ಬಲೆ ತೆಗೆಯಲಿಲ್ಲ.

ನುಗ್ಗೆಯ ಒಣಕೊಂಬೆಯದೂ ಇದೇ ಕತೆ. ಕಡಿಸಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದೆವು. ಅಷ್ಟರಲ್ಲಿ ಕಂಚುಗಾರ ಹಕ್ಕಿಯ ಜೋಡಿ ಬಂತು. ಹಸಿ ಮರ ಕೊರೆಯುವಷ್ಟು ಬಲ ಅದರ ಕೊಕ್ಕಿಗಿಲ್ಲ, ಮೆತ್ತಗಾದ ಒಣ ಮರವೇ ಆಗಬೇಕು. ಬೇಸಿಗೆಯ ಮಧ್ಯಾಹ್ನ 'ಟುಕ್ ಟುಕ್ ಟುಕ್' ಅಂತ ಪಾತ್ರೆ ಬಡಿದ ಹಾಗೆ ಕೇಳುತ್ತದಲ್ಲ, ಅದು ಇದೇ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಕೊಕ್ಕು ಮುಚ್ಚಿಯೇ ಇರುತ್ತದೆ. ಗಂಟಲಿನ ಚೀಲ ಮಾತ್ರ ಉಬ್ಬಿ ಇಳಿಯುತ್ತಿರುತ್ತದೆ.

ಗಸಗಸೆ ಹಣ್ಣಿಗೆ ಹೂಕುಟುಕ ಬರುತ್ತದೆ. ಹೆಬ್ಬೆರಳಿನಷ್ಟೇ ಹಕ್ಕಿ. ಬೇರೆ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುವ ಬದನಿಕೆ ಗಿಡದ ಹಣ್ಣು ಅಂದರೆ ಅದಕ್ಕೆ ಪ್ರಾಣ. ಅಂಟು ಬೀಜ ಹಿಕ್ಕೆಯ ಜೊತೆ ಕೊಂಬೆಗೆ ಮೆತ್ತಿಕೊಂಡು ಅಲ್ಲೇ ಮೊಳೆಯುತ್ತದೆ. ಮರದಿಂದ ಮರಕ್ಕೆ ಬದನಿಕೆ ಹಬ್ಬುವುದು ಹೀಗೆ.

ಇನ್ನೊಂದು ಹಕ್ಕಿ ಕಣ್ಣಿಗೆ ಬೀಳುವುದೇ ಕಷ್ಟ. ಎಲೆಯ ಬಣ್ಣದ ಉಲಿಯಕ್ಕಿ. ತೂಕ ಸುಮಾರು ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಹಿಮಾಲಯದಾಚೆಯಿಂದ ಅಷ್ಟು ದೂರ ಹಾರಿ ಬಂದು, ಚಳಿಗಾಲವಿಡೀ ಕೆಲವೇ ಮರಗಳನ್ನು ತನ್ನದೆಂದು ಕಾಯುತ್ತದೆ. ಕಾಲಿಗೆ ಉಂಗುರ ತೊಡಿಸಿ ನೋಡಿದವರಿಗೆ ಗೊತ್ತಾದದ್ದು, ಅದೇ ಹಕ್ಕಿ ಮರುವರ್ಷ ಅದೇ ಜಾಗಕ್ಕೆ ಬರುತ್ತದೆ ಅಂತ. ಇದನ್ನು ಓದಿದ ದಿನ ನಮ್ಮ ಸೀಬೆ ಮರ ನನಗೆ ಬೇರೆಯೇ ಥರ ಕಂಡಿತು.

ಈಗ ದಿನಾ ಬೆಳಿಗ್ಗೆ ಹದಿನೈದು ನಿಮಿಷ ಕೂತು, ಕಂಡದ್ದನ್ನೆಲ್ಲ ಈಬರ್ಡ್‌ಗೆ, ಅಂದರೆ ಯಾರು ಬೇಕಾದರೂ ತಾವು ನೋಡಿದ ಹಕ್ಕಿಗಳ ಪಟ್ಟಿ ಸೇರಿಸಬಹುದಾದ ಆನ್‌ಲೈನ್ ತಾಣಕ್ಕೆ, ಹಾಕುತ್ತೇನೆ. ಕಾಗೆ, ಪಿಕಳಾರ, ಮಡಿವಾಳ, ಏನನ್ನೂ ಬಿಡುವುದಿಲ್ಲ. ದೇಶದ ಸುಮಾರು 30,000 ಜನ ಹೀಗೆ ಬರೆದಿಟ್ಟ ಪಟ್ಟಿಗಳಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ದೀರ್ಘಾವಧಿಯ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ನೂರಕ್ಕೆ ಅರವತ್ತು ಕಡಿಮೆಯಾಗುತ್ತಿವೆ ಎಂದು ಅದು ಹೇಳುತ್ತದೆ. ಓದಿ ಸಂಕಟವಾಯಿತು. ದಿನಾ ಕಾಣುವ ಹಕ್ಕಿಯನ್ನು ಯಾರೂ ಬರೆದಿಡದಿದ್ದರೆ, ಅದು ಕಡಿಮೆಯಾದದ್ದು ಗೊತ್ತಾಗುವುದಾದರೂ ಹೇಗೆ?

ಮತ್ತೆ ಅಕ್ಟೋಬರ್ ಬಂದಿದೆ. ಎಲೆ ಗುಡ್ಡೆ ಮೊಣಕಾಲೆತ್ತರ ಆಗಿದೆ. ಆರು ಗಂಟೆಯಾಗುತ್ತಿದ್ದಂತೆ ಅಮ್ಮ ಅಡುಗೆಮನೆಯ ರೇಡಿಯೋ ನಿಲ್ಲಿಸಿ ಹಿತ್ತಿಲ ಬಾಗಿಲು ತೆಗೆದಿಡುತ್ತಾರೆ.