ಭಯ ಬಿಡಿಸಲು ಸರತಿ ಸಾಲಿಗೆ ನೂಕಬೇಡಿ

ಹಾಸನಾಂಬೆಯ ಗರ್ಭಗುಡಿಯ ಬಾಗಿಲು ಮುಚ್ಚಿ ವಾರ ಕಳೆಯುವುದರೊಳಗೆ ನನ್ನ ಕ್ಲಿನಿಕ್ಕಿಗೆ ಕೆಲವರು ಬಂದೇ ಬರುತ್ತಾರೆ. ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿ ಮನೋವೈದ್ಯೆಯಾಗಿದ್ದೇನೆ. ಇದು ತಪ್ಪಿದ ವರ್ಷ ನನಗೆ ನೆನಪಿಲ್ಲ. ಬರುವವರು ಒಬ್ಬರೇ ಬರುವುದಿಲ್ಲ. ಜೊತೆಗೆ ಅತ್ತೆಯೋ ಅಣ್ಣನೋ ಗಂಡನೋ ಇರುತ್ತಾರೆ. ಮಾತು ಶುರು ಮಾಡುವುದೂ ಅವರೇ. "ಇವಳಿಗೆ ಜನ ಅಂದ್ರೆ ಭಯ ಮೇಡಂ. ಕ್ಯೂನಲ್ಲಿ ನಾಲ್ಕು ಗಂಟೆ ನಿಂತು ಬಂದ್ರೆ ಭಯ ಹೋಗುತ್ತೆ ಅಂತ ಕರ್ಕೊಂಡು ಹೋದ್ವಿ. ಈಗ ನೋಡಿದ್ರೆ ಬಸ್ಸೂ ಹತ್ತಲ್ಲ ಅಂತಾಳೆ."

ಚಿಕ್ಕಮಗಳೂರಿನ ಕಡೆಯವರಾದರೆ ಊರಿನ ಹೆಸರು ಮಾತ್ರ ಬದಲಾಗುತ್ತದೆ. ನರಕ ಚತುರ್ದಶಿಗೆ ಮಲ್ಲೇನಹಳ್ಳಿಯ ಹತ್ತಿರ ದೇವಿರಮ್ಮನ ಬೆಟ್ಟ ಹತ್ತಿಸಿಕೊಂಡು ಬಂದಿರುತ್ತಾರೆ. ರಾತ್ರಿಯಲ್ಲಿ, ಬರಿಗಾಲಲ್ಲಿ, ಕಡಿದಾದ ದಾರಿಯಲ್ಲಿ, ಹಿಂದೆ ಮುಂದೆ ಸಾವಿರಾರು ಜನರ ನಡುವೆ. ಅದೂ ಸಂತೆಗೆ ಹೋಗಲಿಕ್ಕೇ ಹೆದರುವವರನ್ನು.

ದರ್ಶನಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಆ ಬಾಗಿಲು ತೆಗೆಯುವ ದಿನ ನಮ್ಮ ಮನೆಯಲ್ಲೂ ಸಡಗರ ಇರುತ್ತದೆ. ನನ್ನ ತಕರಾರು ಒಂದೇ. ಭಯ ಇರುವವರನ್ನು ಔಷಧಿ ಕುಡಿಸುವ ಹಾಗೆ ಜನಜಂಗುಳಿಯೊಳಗೆ ನೂಕಬೇಡಿ.

ಇದನ್ನು ಹೇಳಿದ ತಕ್ಷಣ ಮನೆಯ ಹಿರಿಯರೊಬ್ಬರು ಬಾವಿಯ ಮಾತು ಎತ್ತುತ್ತಾರೆ. "ನಮ್ಮಪ್ಪ ನನ್ನ ಬಾವಿಗೆ ತಳ್ಳಿ ಈಜು ಕಲಿಸಿದ್ರು ಡಾಕ್ಟ್ರೇ. ಒಂದೇ ದಿನಕ್ಕೆ ಭಯ ಹೋಯ್ತು." ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗೀಗ ನಾನು ಅವರನ್ನೇ ತಿರುಗಿ ಕೇಳುತ್ತೇನೆ. ನಿಮ್ಮ ಸೊಂಟಕ್ಕೆ ಏನು ಕಟ್ಟಿದ್ದರು? ಸ್ವಲ್ಪ ಯೋಚನೆ ಮಾಡಿ, "ಹಗ್ಗ ಇತ್ತು" ಅನ್ನುತ್ತಾರೆ. ಸೋರೆಬುರುಡೆಯೂ ಇತ್ತು ಅನ್ನುವವರಿದ್ದಾರೆ. ಅಪ್ಪ ಎಲ್ಲಿದ್ದರು? ಕೆಳಗಿನ ಮೆಟ್ಟಿಲ ಮೇಲೆ, ಹಗ್ಗದ ತುದಿ ಹಿಡಿದುಕೊಂಡು. ಎಷ್ಟು ದಿನ ಕಟ್ಟಿದ್ದರು? ಬೇಸಿಗೆ ರಜೆ ಮುಗಿಯುವ ತನಕ. ಅಂದರೆ ಒಂದೇ ದಿನಕ್ಕೆ ಭಯ ಹೋಗಿರಲಿಲ್ಲ, ಅಲ್ವಾ? ತಳ್ಳಿದ್ದು ನೆನಪಿದೆ, ಹಗ್ಗ ಮರೆತುಹೋಗಿದೆ. ನಮ್ಮ ಚಿಕಿತ್ಸೆಯೂ ಆ ಬೇಸಿಗೆ ರಜೆಯ ಹಾಗೇ ನಡೆಯುತ್ತದೆ. ನೀವು ಸೊಸೆಗೆ ಮಾಡಿದ್ದು ಹಗ್ಗವಿಲ್ಲದೆ ತಳ್ಳಿದ್ದು.

ಅದು ಯಾಕೆ ಕೆಲಸ ಮಾಡುವುದಿಲ್ಲ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನ ತಪ್ಪು ತಿಳಿಯುವುದು ಇಲ್ಲೇ.

ಕಬ್ಬಿಣದ ಬ್ಯಾರಿಕೇಡ್ ಒಳಗೆ ನಿಂತ ಆ ಹೆಣ್ಣುಮಗಳಿಗೆ ಮೊದಲು ಎದೆ ಹೊಡೆದುಕೊಳ್ಳುತ್ತದೆ. ಬೆವರುತ್ತಾಳೆ. ಬೆರಳ ತುದಿ ಜುಮ್ಮೆನ್ನುತ್ತದೆ. ಉಸಿರು ಸಾಲದು ಅನಿಸುತ್ತದೆ. ಈಗಲೇ ಸತ್ತುಹೋಗುತ್ತೇನೆ ಎಂಬುದು ಅವಳ ಪಾಲಿಗೆ ಆ ಹೊತ್ತಿನ ನಿಜ. ಇದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತೇವೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿಗೇರುತ್ತದೆ. ಅರ್ಧ ಗಂಟೆಯ ಹೊತ್ತಿಗೆ ತಾನೇ ಇಳಿಯುತ್ತದೆ. ಆದರೆ ಸಾಲಿನಲ್ಲಿ ಆಗುವುದೇನು? ಭಯ ತುದಿಗೇರಿದ ಗಳಿಗೆಯಲ್ಲೇ ಅವಳು ಕುಸಿಯುತ್ತಾಳೆ. ನಾಲ್ಕು ಜನ ಎತ್ತಿ ಹೊರಗೆ ತರುತ್ತಾರೆ. ನೀರು ಚಿಮುಕಿಸುತ್ತಾರೆ. ಹೊರಗೆ ಬಂದ ಕೂಡಲೇ ಹಗುರಾಗುತ್ತದೆ. ಆಗ ಅವಳ ಮೈ ಒಂದು ಪಾಠ ಕಲಿಯುತ್ತದೆ. "ಅಲ್ಲಿ ಸಾಯುತ್ತಿದ್ದೆ, ಹೊರಗೆ ಬಂದಿದ್ದಕ್ಕೆ ಬದುಕಿದೆ." ಭಯ ತಾನೇ ಇಳಿಯುವುದನ್ನು ಅವಳು ನೋಡಲೇ ಇಲ್ಲ. ಮುಂದಿನ ಸಲ ಅದೇ ಭಯ ಸಾಲಿನ ಬಾಗಿಲಲ್ಲೇ ಶುರುವಾಗುತ್ತದೆ. ಅದರ ಮುಂದಿನ ಸಲ ಬಸ್ ನಿಲ್ದಾಣದಲ್ಲಿ. ಆಮೇಲೆ ಮನೆಯಲ್ಲಿ, ಸೀರೆ ಉಡುವಾಗ.

ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಭಯ ಸ್ವಲ್ಪ ಮಾತ್ರ ಇರುವ ಜಾಗದಿಂದ ಶುರು ಮಾಡುತ್ತೇವೆ. ಅಲ್ಲೇ ನಿಲ್ಲಬೇಕು, ಭಯ ತಾನೇ ಇಳಿಯುವ ತನಕ. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಒಂದು ಸುತ್ತು. ಅದು ಸಲೀಸಾದ ಮೇಲೆ ಮಧ್ಯಾಹ್ನ ಖಾಲಿ ಇರುವ ಹೊತ್ತಿಗೆ ಕಟ್ಟಿನಕೆರೆ ಮಾರುಕಟ್ಟೆ. ಆಮೇಲೆ ಅದೇ ಮಾರುಕಟ್ಟೆ ಸಂಜೆ ಆರಕ್ಕೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಎಲ್ಲರಿಗೂ ಅಲ್ಲ. ತಿಂಗಳುಗಳೇ ಹಿಡಿಯಬಹುದು. ಈ ಕಾಯಿಲೆಗೆ 1871ರಲ್ಲಿ ಕಾರ್ಲ್ ವೆಸ್ಟ್‌ಫಾಲ್ ಎಂಬ ಜರ್ಮನ್ ವೈದ್ಯರು ಅಗೋರಾಫೋಬಿಯಾ ಎಂದು ಹೆಸರಿಟ್ಟರು. ಅಗೋರಾ ಅಂದರೆ ಗ್ರೀಕರ ಭಾಷೆಯಲ್ಲಿ ಊರಿನ ಸಂತೆ ಮಾಳ. ಸಂತೆಭಯ ಎಂದರೆ ನಮ್ಮವರಿಗೂ ಅರ್ಥವಾಗುತ್ತದೆ. ನೂರೈವತ್ತು ವರ್ಷದಿಂದ ಗೊತ್ತಿರುವ ಕಾಯಿಲೆ ಇದು. ನಾಟಕ ಅಲ್ಲ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಎದೆ ಹೊಡೆದುಕೊಂಡದ್ದೆಲ್ಲ ಭಯ ಅಂದುಕೊಳ್ಳಬೇಡಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ಎದೆನೋವು ಕೈಗೋ ದವಡೆಗೋ ಹಬ್ಬಿದವರು ಮೊದಲು ಇಸಿಜಿ ಮಾಡಿಸಬೇಕು. ನನ್ನ ಬಾಗಿಲಿಗೆ ಬರುವುದು ಅದಾದ ಮೇಲೆ. ಮೊದಲ ಸಲ ಹೀಗಾದ ಯಾರೇ ಆಗಲಿ, ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಜನರ ನಡುವೆ ಹುಟ್ಟುವ ಭಯವೆಲ್ಲ ಕಾಯಿಲೆಯೂ ಅಲ್ಲ.

ಕೆಲವು ವರ್ಷದ ಹಿಂದೆ ಒಬ್ಬರು ಬಂದಿದ್ದರು. (ಇಲ್ಲಿ ಬರುವವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮೊಮ್ಮಗನನ್ನು ಕರೆದುಕೊಂಡು ಮನೆಯವರೆಲ್ಲರ ಜೊತೆ ಒಂದು ದೊಡ್ಡ ಸಮಾರಂಭಕ್ಕೆ ಹೋಗಿದ್ದರು. ಅರ್ಧದಲ್ಲೇ ಅವರಿಗೆ ಒಂಥರಾ ಆಯಿತು. ಹೋಗೋಣ ನಡೀರಿ ಎಂದರು. ಮಕ್ಕಳು ನಕ್ಕರು. ಇವರು ಮೊಮ್ಮಗನನ್ನು ಎತ್ತಿಕೊಂಡು ಗೋಡೆ ಹಿಡಿದುಕೊಂಡು ಹೊರಗೆ ಬಂದುಬಿಟ್ಟರು. ಅಂದು ಏನೂ ಅನಾಹುತ ಆಗಲಿಲ್ಲ. ಮನೆಯಲ್ಲಿ ಮಾತ್ರ ಎಲ್ಲರೂ ಸೇರಿ, "ಅಪ್ಪನಿಗೆ ವಯಸ್ಸಾಯ್ತು, ಭಯದ ಕಾಯಿಲೆ" ಎಂದು ತೀರ್ಮಾನಿಸಿ ನನ್ನ ಬಳಿ ಕಳಿಸಿದ್ದರು. ಅವರೂ ಹಾಗೇ ನಂಬಿಕೊಂಡು ತಲೆ ತಗ್ಗಿಸಿ ಕೂತಿದ್ದರು.

ನಿಮಗೆ ಏನನ್ನಿಸಿತು ಹೇಳಿ ಎಂದೆ. "ಬಸ್ಸಿನಲ್ಲಿ ತೊಂಬತ್ತು ಜನ ತುಂಬಿದಾಗಲೂ ನಾನು ನುಗ್ಗಿ ಟಿಕೆಟ್ ಕೊಟ್ಟಿದ್ದೀನಿ ಮೇಡಂ. ಅಲ್ಲಿ ನನ್ನ ಕೈ ಮೇಲೆತ್ತಕ್ಕೆ ಆಗಲಿಲ್ಲ. ನಾನು ನಡೀತಿರಲಿಲ್ಲ, ಜನ ನನ್ನ ನಡೆಸ್ತಿದ್ರು. ಒಂದೊಂದು ಸಲ ಕಾಲು ನೆಲಕ್ಕೆ ತಾಗ್ತಿರಲಿಲ್ಲ."

ಅವರಿಗೆ ಕಾಯಿಲೆ ಇಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಗನನ್ನು ಒಳಗೆ ಕರೆದು ಹೇಳಿದೆ, ನಿಮ್ಮ ಮಗುವಿನ ಜೀವ ಉಳಿಸಿರಬಹುದು ನಿಮ್ಮ ತಂದೆ.

ಕಂಡಕ್ಟರ್ ಹೇಳಿದ್ದನ್ನೇ ಜನಸಂದಣಿಯ ಅಧ್ಯಯನ ಮಾಡಿದವರೂ ಹೇಳುತ್ತಾರೆ. ಮನೆಯ ಎರಡಡಿ ಟೈಲ್ಸ್ ಮೂರು ಜೋಡಿಸಿ. ಸುಮಾರು ಒಂದು ಚದರ ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ ನಾಲ್ಕು ಜನ ನಿಂತರೆ ಇಕ್ಕಟ್ಟು. ಆರೇಳು ಜನ ಆದರೆ ಅದು ಜನರ ಗುಂಪಾಗಿ ಉಳಿಯುವುದಿಲ್ಲ, ನೀರಿನ ಹಾಗೆ ಅಲೆಯಾಗಿ ಹೊಯ್ದಾಡುತ್ತದೆ. ಆಗ ಗಟ್ಟಿಮುಟ್ಟಾದ ಹುಡುಗನ ಕೈಯಲ್ಲೂ ಏನೂ ನಡೆಯುವುದಿಲ್ಲ. ಕಾಲ್ತುಳಿತ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸಿದೆ. ಬಿದ್ದವರನ್ನು ತುಳಿದು ಸಾಯಿಸುತ್ತಾರೆ, ನಾನು ಬೀಳದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಬಹಳ ಸಲ ಜನ ಸಾಯುವುದು ನಿಂತಲ್ಲೇ. ಎದೆಯ ಮೇಲೆ ಎರಡೂ ಕಡೆಯಿಂದ ಒತ್ತಡ ಬಿದ್ದು, ಉಸಿರೆಳೆಯಲು ಪಕ್ಕೆಲುಬು ಅಗಲವಾಗದೆ.

2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಎಂಬಲ್ಲಿ ಒಂದು ಕಿರಿದಾದ ಓಣಿಯಲ್ಲಿ ಹಾಗೇ ಆಯಿತು. 159 ಜನ ಹೋದರು, ಹೆಚ್ಚಿನವರು ಎಳೆಯರು. ಅನಾಹುತ ನಡೆದದ್ದು ರಾತ್ರಿ ಹತ್ತೂ ಕಾಲರ ಸುಮಾರಿಗೆ. ಆದರೆ "ಇಲ್ಲಿ ಜನ ಅಪ್ಪಚ್ಚಿಯಾಗುವ ಹಾಗಿದೆ" ಎಂದು ಪೊಲೀಸರಿಗೆ ಮೊದಲ ಫೋನ್ ಹೋದದ್ದು ಸಂಜೆ 6:34ಕ್ಕೆ. ಹೆಚ್ಚುಕಡಿಮೆ ನಾಲ್ಕು ಗಂಟೆ ಮೊದಲು! ಆ ಫೋನ್ ಮಾಡಿದವರಿಗೆ ಭಯದ ಕಾಯಿಲೆ ಇತ್ತೇ? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 2025ರ ಜೂನ್ 4ರಂದು ಹನ್ನೊಂದು ಜೀವ ಹೋದಾಗ ನನಗೆ ಮೊದಲು ನೆನಪಾದದ್ದು ಆ ಕಂಡಕ್ಟರ್. ನಮ್ಮಲ್ಲೂ 2023ರ ನವೆಂಬರಿನಲ್ಲಿ ಹಾಸನಾಂಬೆಯ ಸಾಲಿನಲ್ಲಿ ಕರೆಂಟ್ ತಗುಲಿ ಜನ ದಿಕ್ಕಾಪಾಲಾಗಿ ಆಸ್ಪತ್ರೆ ಸೇರಿದ್ದರು. ಅದನ್ನು ಕಣ್ಣಾರೆ ಕಂಡವರು ಮುಂದಿನ ವರ್ಷ ಸಾಲಿಗೆ ಬರಲ್ಲ ಎಂದರೆ ಹೇಡಿ ಅನ್ನಬಹುದೇ?

ಹಾಗಾದರೆ ಇದು ಕಾಯಿಲೆಯ ಭಯವೋ ನಿಜವಾದ ಅಪಾಯವೋ ಹೇಗೆ ತಿಳಿಯುವುದು? ಒಳಗಿನಿಂದ ಎರಡೂ ಒಂದೇ ಥರ ಇರುತ್ತವೆ. ಅದಕ್ಕೇ ಭಯ ಎಷ್ಟಿದೆ ಎಂದು ನೋಡಿ ಲೆಕ್ಕ ಹಾಕಬೇಡಿ. ಕೈಯನ್ನು ಎದೆಯ ಮುಂದೆ ತರಲು ಆಗುತ್ತದೆಯೇ ನೋಡಿ. ಬೇಕೆಂದ ಕಡೆ ಒಂದು ಹೆಜ್ಜೆ ಇಡಲು ಆಗುತ್ತದೆಯೇ ನೋಡಿ. ಆಗುತ್ತದೆ ಎಂದರೆ ಬಹುತೇಕ ಅದು ಒಳಗಿನ ಭಯ. ಉಸಿರನ್ನು ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹೊರಗೆ ಬಿಡುತ್ತಾ ನಿಂತರೆ ಇಳಿಯುತ್ತದೆ. ಆಗುವುದಿಲ್ಲ, ಸುತ್ತ ನಾಲ್ಕೂ ಕಡೆಯಿಂದ ಮೈ ಒತ್ತುತ್ತಿದೆ ಎಂದರೆ ಅದು ಅಪಾಯ. ಆಗ ಎರಡೂ ಮುಂಗೈ ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಬೇಕು. ನೂಕುವ ಅಲೆಗೆ ಎದುರು ನಿಲ್ಲಬಾರದು. ಅಲೆ ಸಡಿಲಾದ ಹೊತ್ತಿಗೆ ಓರೆಯಾಗಿ ಅಂಚಿನ ಕಡೆ ಸರಿಯಬೇಕು. ಚಪ್ಪಲಿ, ಮೊಬೈಲ್ ಬಿದ್ದರೆ ಹೋಗಲಿ, ಬಗ್ಗಬೇಡಿ. ಮಗುವನ್ನು ಮೇಲಕ್ಕೆತ್ತಿಕೊಳ್ಳಿ. ಆದರೆ ಅಷ್ಟು ಹೊತ್ತು ಕಾಯಬಾರದು. ಅನುಮಾನ ಬಂದಾಗಲೇ ಹೊರಡಬೇಕು. ಕಾಯಿಲೆಯ ಭಯವೇ ಆಗಿದ್ದರೂ ಹೊರಟಿದ್ದರಿಂದ ಒಂದು ದರ್ಶನ ತಪ್ಪಿತು, ಅಷ್ಟೇ. ಅದಕ್ಕೆ ಆಮೇಲೆ ನಾನಿದ್ದೇನೆ.

ಜನ ಹೊರಡುವುದಿಲ್ಲ. "ಇಷ್ಟು ಹೊತ್ತು ನಿಂತಿದ್ದೀವಿ, ಇನ್ನೇನು ಬಂದೇಬಿಡ್ತು" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾಲ್ಕು ಗಂಟೆ ನಿಂತದ್ದು ಮುಗಿದುಹೋಯಿತು. ಅದಕ್ಕೋಸ್ಕರ ಉಸಿರಾಡಲು ಆಗುತ್ತಿಲ್ಲ ಅನ್ನುವ ಮಗಳನ್ನು ಇನ್ನೂ ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತೀರಾ?

ಮೂರನೆಯ ಭಯವೊಂದಿದೆ. ಇದನ್ನು ಮನೆಯಲ್ಲಿ ಯಾರೂ ಕೇಳುವುದೇ ಇಲ್ಲ. ಡಿಗ್ರಿ ಓದುವ ಹುಡುಗಿಯೊಬ್ಬಳನ್ನು ಅವಳ ಅಮ್ಮ ಕರೆದುಕೊಂಡು ಬಂದಿದ್ದರು. ಜಾತ್ರೆ ಬೇಡ, ಮೆರವಣಿಗೆ ಬೇಡ, ಅಣ್ಣನ ಜೊತೆ ತೇರಿಗೂ ಬರಲ್ಲ. ಸಂತೆಭಯವೇ ಇರಬೇಕು ಎಂದು ನನಗೂ ಮೊದಲು ಅನಿಸಿತು. ಅಮ್ಮನನ್ನು ಹೊರಗೆ ಕೂರಿಸಿ ಕೇಳಿದೆ, ಜನ ಅಂದರೆ ಏನು ಭಯ? ಬಹಳ ಹೊತ್ತು ದುಪಟ್ಟಾದ ಅಂಚು ಸುತ್ತುತ್ತಾ ಕೂತಳು. ಆಮೇಲೆ ಹೇಳಿದಳು, "ಜನ ಅಂದ್ರೆ ಭಯ ಇಲ್ಲ ಮೇಡಂ. ಕೈಗಳು."

ಅವಳಿಗೆ ಕೊಡಲು ನನ್ನಲ್ಲಿ ಮಾತ್ರೆ ಇರಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ನಡೆದದ್ದನ್ನು ನಂಬಿ ಕೇಳುವವರು ಬೇಕಿತ್ತು. ಅವಳ ಒಪ್ಪಿಗೆ ಪಡೆದು ಅಮ್ಮನಿಗೂ ತಿಳಿಸಿದೆವು. ಅಮ್ಮ ಅತ್ತರು. "ನಂಗೂ ಆಗಿತ್ತು, ಯಾರಿಗೂ ಹೇಳಿರಲಿಲ್ಲ" ಎಂದರು. ಇದು ನನ್ನ ಕೊಠಡಿಯಲ್ಲಿ ಎಷ್ಟು ಸಲ ಆಗಿದೆಯೋ. ಅಂಥ ಹುಡುಗಿಯನ್ನು ಭಯ ಬಿಡಿಸುವ ನೆಪದಲ್ಲಿ ಮತ್ತೆ ಅದೇ ಗುಂಪಿಗೆ ಕಳಿಸುವುದು ಎಂಥ ಅನ್ಯಾಯ! ಹೆಣ್ಣುಮಕ್ಕಳು ಜನಜಂಗುಳಿ ಬೇಡ ಎಂದರೆ ಯಾಕೆ ಎಂದು ಮೆಲ್ಲಗೆ, ಒಬ್ಬರೇ ಇದ್ದಾಗ ಕೇಳಿ. ಹೇಳದಿದ್ದರೆ ಒತ್ತಾಯ ಮಾಡಬೇಡಿ. ಕೇಳಿದ್ದು ಅವರಿಗೆ ನೆನಪಿರುತ್ತದೆ.

ನಾನು ಚಿಕ್ಕವಳಿದ್ದಾಗ ಬೇಲೂರು ಚೆನ್ನಕೇಶವನ ತೇರಿಗೆ ಅಜ್ಜಿ ಕರೆದುಕೊಂಡು ಹೋಗುತ್ತಿದ್ದರು. ಹೋದ ಕೂಡಲೇ ದೇವಸ್ಥಾನಕ್ಕೂ ಮೊದಲು ಒಂದು ಅಂಗಡಿಯ ಜಗುಲಿ ತೋರಿಸುತ್ತಿದ್ದರು. "ತಪ್ಪಿಸಿಕೊಂಡ್ರೆ ಇಲ್ಲಿ ಬಂದು ಕೂತ್ಕೋ. ಹೆದರಿಕೆ ಆದ್ರೂ ಇಲ್ಲೇ ಬಾ, ನಾನೂ ಬರ್ತೀನಿ." ನಾನು ಒಮ್ಮೆಯೂ ತಪ್ಪಿಸಿಕೊಳ್ಳಲಿಲ್ಲ. ಆ ಜಗುಲಿ ಇದೆ ಎಂದು ಗೊತ್ತಿದ್ದುದರಿಂದಲೇ ತೇರು ನೋಡುವ ಧೈರ್ಯ ಬರುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎಂದು ಜಗುಲಿ ತೋರಿಸುವುದನ್ನು ಬಿಟ್ಟಿದ್ದೇವೆ. ಲಕ್ಷ ಜನ ಸೇರಿದ ಕಡೆ ನೆಟ್‌ವರ್ಕ್ ಎಷ್ಟೋ ಸಲ ಸಿಗುವುದಿಲ್ಲ. ನನ್ನ ಬಳಿ ಬರುವವರಿಗೆ ಈಗಲೂ ನಾನು ಅದನ್ನೇ ಹೇಳುತ್ತೇನೆ. ಸಾಲಿಗೆ ಸೇರುವ ಮುಂಚೆ ಹೊರಬರುವ ದಾರಿ ಯಾವುದು ಎಂದು ಅಲ್ಲಿರುವ ಪೊಲೀಸರನ್ನೋ ಸ್ವಯಂಸೇವಕರನ್ನೋ ಕೇಳಿಕೊಳ್ಳಿ. ಸೇರುವ ಜಾಗ ಗೊತ್ತುಮಾಡಿಕೊಳ್ಳಿ. ಒಬ್ಬರು ಹೊರಡೋಣ ಎಂದರೆ ಇನ್ನೊಬ್ಬರು ಕಾರಣ ಕೇಳದೆ ಜೊತೆಗೆ ಹೊರಡಬೇಕು, ಬೈಯಬಾರದು. ಇಷ್ಟನ್ನು ಮನೆಯಲ್ಲೇ ಮಾತಾಡಿಕೊಂಡು ಹೋದವರಿಗೆ ಹೊರಡುವ ಪ್ರಸಂಗ ಬರುವುದೇ ಕಡಿಮೆ ಎಂಬುದು ನನ್ನ ಅನುಭವ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ.

ನನ್ನವರೆಗೆ ಬರಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಸ್ ಹತ್ತಲ್ಲ ಅಂದ ಸೊಸೆಯ ವಿಷಯ ಹೇಳಿಬಿಡುತ್ತೇನೆ. ಏಳು ತಿಂಗಳು ಆಯಿತು. ಮೊದಲ ಎರಡು ತಿಂಗಳು ಪಾರ್ಕು, ಆಮೇಲೆ ಮಾರುಕಟ್ಟೆ. ನಡುವೆ ಒಂದು ಸಲ ಮದುವೆ ಮನೆಯಲ್ಲಿ ಹೆದರಿ ವಾಪಸ್ ಬಂದು, ಇನ್ನು ನನ್ನಿಂದ ಆಗಲ್ಲ ಎಂದು ಅತ್ತಳು. ಮತ್ತೆ ಪಾರ್ಕಿನಿಂದ ಶುರು ಮಾಡಿದೆವು. ಕಳೆದ ವಾರ ಸಕಲೇಶಪುರದಿಂದ ಬಸ್ಸಿನಲ್ಲೇ ಬಂದಿದ್ದಳು. ಜೊತೆಗೆ ಅತ್ತೆ. ಸಾಲಿಗೆ ಕರೆದುಕೊಂಡು ಹೋಗಿದ್ದ ಅದೇ ಅತ್ತೆ. ಬಸ್ ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಹಾಕಿ ಬಾಗಿಲ ಹತ್ತಿರದ ಸೀಟು ಹಿಡಿದುಕೊಟ್ಟರಂತೆ. "ಇಳೀಬೇಕು ಅನ್ಸಿದ್ರೆ ಇಳ್ಕೊಳ್ಳೋಣ, ಇನ್ನೊಂದು ಬಸ್ಸು ಬರುತ್ತೆ ಅಂದೆ ಮೇಡಂ" ಎಂದರು. ದಾರಿಯಲ್ಲಿ ಇಳಿಯಲಿಲ್ಲವಂತೆ.